ಡ್ರಾಪ್‌ಡೌನಿನಲ್ಲಿ ಇಲ್ಲದ ಊರು

ನಮ್ಮ ಮನೆತನದಲ್ಲಿ ನನಗೆ ಒಂದು ಖಾಯಂ ನೌಕರಿ ಇದೆ. ಸಂಬಳ ಇಲ್ಲ, ರಜೆಯೂ ಇಲ್ಲ. ಯಾರ ಫೋನ್ ಸ್ಲೋ ಆದರೂ, ಯಾರ ಮನೆ ವೈಫೈ ನಿಂತರೂ, ಯಾವ ಆ್ಯಪ್ ಪಾಸ್‌ವರ್ಡ್ ಕೇಳಿದರೂ ಮೊದಲ ಕರೆ ಬರುವುದು ನನಗೆ. ಹೊಸ ಫೋನ್, ಹೊಸ ರೌಟರ್, ಹೊಸ ಆ್ಯಪ್ ಎಂದರೆ ಮೊದಲಿನಿಂದಲೂ ಬಾಯಿ ಬಿಡುವ ಸ್ವಭಾವ ನನ್ನದು, ಅದಕ್ಕೆ ಇದು ಶಿಕ್ಷೆ ಅನ್ನಿ. ನಾನಿರುವುದು ಬಳ್ಳಾರಿಯಲ್ಲಿ, ಅಕ್ಕನನ್ನು ಕೊಟ್ಟಿರುವುದು ಕುರುಗೋಡಿಗೆ, ಚಿಕ್ಕಪ್ಪನ ಗದ್ದೆ ಇರುವುದು ಸಿರುಗುಪ್ಪದಲ್ಲಿ. ಹಾಗಾಗಿ ನನ್ನ ‘ಸರ್ವಿಸ್ ಏರಿಯಾ’ ಸಾಕಷ್ಟು ದೊಡ್ಡದು :-)

ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗಳು ಪಿಯುಸಿ ಮುಗಿಸಿದ್ದಾಳೆ, ಒಳ್ಳೆಯ ಅಂಕ ಬಂದಿದೆ. ಒಂದು ಖಾಸಗಿ ಟ್ರಸ್ಟ್ ವರ್ಷಕ್ಕಿಷ್ಟು ಅಂತ ವಿದ್ಯಾರ್ಥಿವೇತನ ಕೊಡುತ್ತದೆ, ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕು. ಊಟ ಆದ ಮೇಲೆ ಹುಡುಗಿ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. ಹೆಸರು, ಜನ್ಮದಿನಾಂಕ, ಆಧಾರ್, ಬ್ಯಾಂಕ್ ಖಾತೆ, ಎಲ್ಲಾ ಸರಾಗ. ರಾಜ್ಯ ಕರ್ನಾಟಕ. ಜಿಲ್ಲೆ, ‘ಬಳ್ಳಾರಿ’ ಇಲ್ಲ, ಹಳೆಯ ಇಂಗ್ಲಿಷ್ ಕಾಗುಣಿತದ ‘ಬೆಲ್ಲರಿ’ ಇದೆ. ಇರಲಿ, ಅದು ರೂಢಿಯಾಗಿದೆ. ಆಮೇಲೆ ತಾಲ್ಲೂಕು ಅಂತ ಒಂದು ಡ್ರಾಪ್‌ಡೌನ್. ಒತ್ತಿದೆ. ಏಳು ಹೆಸರು ಕೆಳಗೆ ಇಳಿದವು: ಬಳ್ಳಾರಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹೊಸಪೇಟೆ, ಕೂಡ್ಲಿಗಿ, ಸಂಡೂರು, ಸಿರುಗುಪ್ಪ.

ಕುರುಗೋಡು ಇಲ್ಲ.

ಮತ್ತೊಮ್ಮೆ ಮೇಲೆ ಕೆಳಗೆ ಎಳೆದು ನೋಡಿದೆ, ಪೇಜ್ ರಿಫ್ರೆಶ್ ಮಾಡಿದೆ, ಬೇರೆ ಬ್ರೌಸರಿನಲ್ಲೂ ತೆರೆದೆ (ನಮ್ಮಂಥವರ ಮೂಢನಂಬಿಕೆಗಳು ಹೀಗೇ ಇರುತ್ತವೆ). ಇಲ್ಲ ಅಂದರೆ ಇಲ್ಲ. “ನಮ್ಮೂರು ಇಲ್ಲೇನ್ ಮಾಮ ಇದರಾಗ?” ಅಂದಳು ಹುಡುಗಿ. ಹಿಂದೆ ನಿಂತಿದ್ದ ಭಾವ, “ಬಳ್ಳಾರಿ ಅಂತ ಹಾಕ್ ಬಿಡಪ್ಪ, ಮೊದಲು ಅದರಾಗೇ ಇದ್ದಿವಲ್ಲ” ಅಂದರು. ಹಾಕಿಬಿಟ್ಟೆ. ಆದಾಯ ಪ್ರಮಾಣಪತ್ರ ಸ್ಕ್ಯಾನ್ ಮಾಡಿ ಏರಿಸಿದೆ. ಅದರ ಮೇಲೆ ‘ತಹಶೀಲ್ದಾರರು, ಕುರುಗೋಡು ತಾಲ್ಲೂಕು’ ಅಂತ ಸ್ಪಷ್ಟವಾಗಿದೆ.

ಹತ್ತು ದಿನಕ್ಕೆ ಉತ್ತರ ಬಂತು. ಅರ್ಜಿಯಲ್ಲಿನ ತಾಲ್ಲೂಕಿಗೂ ದಾಖಲೆಯಲ್ಲಿನ ತಾಲ್ಲೂಕಿಗೂ ತಾಳೆಯಾಗುತ್ತಿಲ್ಲ, ತಿರಸ್ಕರಿಸಲಾಗಿದೆ. ಸಹಾಯವಾಣಿಗೆ ಫೋನ್ ಮಾಡಿದೆ. ಇಂಗ್ಲಿಷಿಗೆ 1, ಹಿಂದಿಗೆ 2. ಇಪ್ಪತ್ತು ನಿಮಿಷದ ಸಂಗೀತ ಆದ ಮೇಲೆ ಸಿಕ್ಕ ಹೆಣ್ಣುಮಗಳು ಪಾಪ ಬಹಳ ಸೌಜನ್ಯದಿಂದಲೇ ಹೇಳಿದಳು: ಪಟ್ಟಿಯಲ್ಲಿ ಯಾವುದಿದೆಯೋ ಅದನ್ನೇ ಆರಿಸಿ ಸಾರ್, ಅದಕ್ಕೆ ಹೊಂದುವ ದಾಖಲೆ ಕೊಡಿ. ಅಂದರೆ ಪಟ್ಟಿಗೆ ಹೊಂದುವಂತೆ ತಹಶೀಲ್ದಾರರೇ ಬದಲಾಗಬೇಕು! ಬಳ್ಳಾರಿ ತಹಶೀಲ್ದಾರರು ಕುರುಗೋಡಿನವರಿಗೆ ಪ್ರಮಾಣಪತ್ರ ಕೊಡುವಂತಿಲ್ಲ, ಕುರುಗೋಡು ತಹಶೀಲ್ದಾರರದ್ದು ಈ ವೆಬ್‌ಸೈಟಿನ ಪಾಲಿಗೆ ಇಲ್ಲದ ಕಚೇರಿ. ಕೊನೆಗೆ, ಕುರುಗೋಡು ಮೊದಲು ಬಳ್ಳಾರಿ ತಾಲ್ಲೂಕಿನಲ್ಲಿತ್ತು, ಈಗ ಬೇರೆ ತಾಲ್ಲೂಕು, ಅಂತ ಒಂದು ಪುಟದ ಪತ್ರ ಬರೆದು, ಅದನ್ನೂ ಪ್ರಮಾಣಪತ್ರವನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿ, ಕೊನೆಯ ದಿನಾಂಕದ ಹಿಂದಿನ ರಾತ್ರಿ ಮತ್ತೆ ಏರಿಸಿದೆ. ‘ಪರಿಶೀಲನೆಯಲ್ಲಿದೆ’ ಅಂತ ತೋರಿಸುತ್ತಿದೆ. ಹುಡುಗಿ ದಿನಾ ಬೆಳಿಗ್ಗೆ ಎದ್ದು ಅದನ್ನೇ ನೋಡುತ್ತಾಳೆ.

ಆ ಏಳರ ಪಟ್ಟಿ ಎಲ್ಲಿಂದ ಬಂತು ಅಂತ ನನಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಅದು 2011ರ ಜನಗಣತಿಯ ಪಟ್ಟಿ. ಆಗ ಬಳ್ಳಾರಿ ಜಿಲ್ಲೆಯಲ್ಲಿ ಇದ್ದದ್ದು ಇದೇ ಏಳು ತಾಲ್ಲೂಕು. ಅಂತರ್ಜಾಲದಲ್ಲಿ ‘ಭಾರತದ ರಾಜ್ಯ, ಜಿಲ್ಲೆ, ತಾಲ್ಲೂಕು’ ಅಂತ ಹುಡುಕಿದರೆ ಇಂಥ ಹಳೆಯ ಪಟ್ಟಿಗಳೇ ರೆಡಿಮೇಡ್ ಸಿಗುತ್ತವೆ. ಡೆವಲಪರ್ ಯಾರೋ, ಶುಕ್ರವಾರ ಸಂಜೆ ಫಾರ್ಮ್ ಮುಗಿಸಬೇಕು, ಇಳಿಸಿಕೊಂಡು ಅಂಟಿಸಿದ. ನಾನೇ ಆಗಿದ್ದರೂ ಅದನ್ನೇ ಮಾಡುತ್ತಿದ್ದೆನೇನೋ. ಆದರೆ ಆಮೇಲೆ ಏನೇನಾಯಿತು ನೋಡಿ. 2014ರ ನವೆಂಬರ್ 1ಕ್ಕೆ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, ನಮ್ಮದೂ ಅದರಲ್ಲಿ ಒಂದು. 2018ರಲ್ಲಿ ಕುರುಗೋಡು, ಕಂಪ್ಲಿ ತಾಲ್ಲೂಕುಗಳಾದವು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಆ ಕಡೆ ಹೋದವು. ಈಗ ಬಳ್ಳಾರಿ ಜಿಲ್ಲೆ ಎಂದರೆ ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು. ಅಂದರೆ ಆ ಪಟ್ಟಿಯ ಏಳರಲ್ಲಿ ನಾಲ್ಕು ನಮ್ಮ ಜಿಲ್ಲೆಯವೇ ಅಲ್ಲ, ಇರಬೇಕಾದ ಐದರಲ್ಲಿ ಎರಡು ಇಲ್ಲವೇ ಇಲ್ಲ. ಸರಿಯಾಗಿರುವುದು ಮೂರು. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಪಾಸ್ ಮಾಡುತ್ತಾರಾ?

ತಮಾಷೆ ಏನೆಂದರೆ, ಪಟ್ಟಿಯಲ್ಲಿ ಇಲ್ಲದ ಈ ಕುರುಗೋಡು ಸಣ್ಣ ಊರೇನಲ್ಲ. ಸಿಂದ ಅರಸರ ಒಂದು ಶಾಖೆಗೆ ‘ಕುರುಗೋಡು ಸಿಂದರು’ ಅಂತಲೇ ಹೆಸರು, ಅವರ ರಾಜಧಾನಿ ಇದು. ಒಂದೇ ಕಲ್ಲಿನ ದೊಡ್ಡಬಸವಣ್ಣನನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಎಂಟುನೂರು ವರ್ಷದ ಹಿಂದಿನ ಶಾಸನಗಳಲ್ಲಿ ಹೆಸರಿದೆ. ಟ್ರಸ್ಟಿನ ವೆಬ್‌ಸೈಟಿನಲ್ಲಿ ಇಲ್ಲ.

ಹಾಗೆ ನೋಡಿದರೆ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ಎತ್ತಿ ಹಾಕಿಸಿಕೊಳ್ಳುವುದು ನಮ್ಮ ಜಿಲ್ಲೆಗೆ ಹೊಸದಲ್ಲ. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿನವರು. ಅವತ್ತು ಆಂಧ್ರ ರಾಜ್ಯ ಹುಟ್ಟಿತು, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕು ಅಲ್ಲಿಗೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಇನ್ನು ಹರಪನಹಳ್ಳಿಯ ಕಥೆ ಕೇಳಿ. ಮೊದಲು ಬಳ್ಳಾರಿ ಜಿಲ್ಲೆ, 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದಕ್ಕೆ, ಆಮೇಲೆ ಹೋರಾಟ ಮಾಡಿ ಮತ್ತೆ ಬಳ್ಳಾರಿಗೆ, ಬಂದು ಕೂರುವಷ್ಟರಲ್ಲಿ 2021ಕ್ಕೆ ವಿಜಯನಗರಕ್ಕೆ. ಅಲ್ಲಿ 1990ರಲ್ಲಿ ಹುಟ್ಟಿದವನೊಬ್ಬ ಮನೆ ಬಿಟ್ಟು ಕದಲದೆ ಮೂರು ಜಿಲ್ಲೆ ಕಂಡಿದ್ದಾನೆ. ಅವನ ಜನನ ಪ್ರಮಾಣಪತ್ರ, ಶಾಲೆಯ ಟಿಸಿ, ಮತದಾರರ ಚೀಟಿ, ಈಗಿನ ಪ್ರಮಾಣಪತ್ರ ಇವೆಲ್ಲ ಒಂದು ಆ್ಯಪಿನಲ್ಲಿ ‘ತಾಳೆ’ ಆಗಬೇಕೆಂದರೆ ದೇವರೇ ಬರಬೇಕು.

“ಹೆಸರು ಒಂದಕ್ಷರ ಆಚೀಚೆ ಆದ್ರೆ ಏನು ಮಹಾ, ಪಿನ್‌ಕೋಡ್ ಐತಲ್ಲ” ಅಂತ ಒಬ್ಬ ಗೆಳೆಯ ವಾದ ಮಾಡಿದ. ಅವನು ಬೆಂಗಳೂರಿನಲ್ಲಿ ಇಂಥವೇ ಫಾರ್ಮ್‌ಗಳನ್ನು ಮಾಡುವ ಕೆಲಸದಲ್ಲಿದ್ದಾನೆ, ಹಾಗಾಗಿ ಈ ವಾದವನ್ನು ಹಗುರವಾಗಿ ಬಿಡಲಾರೆ. ಪಿನ್‌ಕೋಡ್ ಪೋಸ್ಟಾಫೀಸಿನ ಲೆಕ್ಕ. ಟಪಾಲು ಯಾವ ಚೀಲಕ್ಕೆ ಹೋಗಬೇಕು ಅಂತ ಹೇಳುತ್ತದೆ, ಯಾವ ತಹಶೀಲ್ದಾರರು ಸಹಿ ಹಾಕಬೇಕು ಅಂತ ಹೇಳುವುದಿಲ್ಲ. 2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ಅಂತ ತಂದಿದೆ. ಸುಮಾರು ನಾಲ್ಕು ಮೀಟರ್ ಉದ್ದಗಲದ ಒಂದೊಂದು ಚೌಕಕ್ಕೂ ಹತ್ತು ಅಕ್ಷರದ ಸಂಕೇತ. ನನಗೆ ಬಹಳ ಇಷ್ಟವಾದ ಯೋಜನೆ, ನಮ್ಮ ಮನೆಯ ಬಾಗಿಲಿಗೊಂದು, ಹಿತ್ತಲಿಗೊಂದು ಸಂಕೇತ ಹುಡುಕಿ ಬರೆದಿಟ್ಟುಕೊಂಡಿದ್ದೇನೆ! ಆದರೆ ಅದೂ ಕೂಡ ನೀವು ಭೂಮಿಯ ಮೇಲೆ ಎಲ್ಲಿ ನಿಂತಿದ್ದೀರಿ ಅನ್ನುತ್ತದೆ, ಯಾವ ತಾಲ್ಲೂಕಿನವರು ಅನ್ನುವುದಿಲ್ಲ.

ಮತ್ತು ನಮ್ಮ ಕಡೆ ‘ಯಾವ ಜಿಲ್ಲೆ’ ಎನ್ನುವುದು ವಿಳಾಸದ ಪ್ರಶ್ನೆ ಅಷ್ಟೇ ಅಲ್ಲ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯ ಪ್ರಕಾರ ಈ ಭಾಗದವರಿಗೆ ಕಾಲೇಜು ಸೀಟಿನಲ್ಲಿ, ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಇದೆ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಅಂತ ಆರು ಜಿಲ್ಲೆ ಬಾಯಿಪಾಠ ಮಾಡಿದ್ದೆವು, ವಿಜಯನಗರ ಸೇರಿ ಈಗ ಏಳು. ಹರಪನಹಳ್ಳಿಯವರು ಬಳ್ಳಾರಿಗೆ ವಾಪಸ್ ಬರಬೇಕೆಂದು ಹೋರಾಡಿದ್ದಕ್ಕೂ ಇದೇ ದೊಡ್ಡ ಕಾರಣ. ಇಲ್ಲಿ ಜಿಲ್ಲೆಯ ಹೆಸರಿಗೆ ಒಂದು ಹುಡುಗ ಅಥವಾ ಹುಡುಗಿಯ ಸೀಟು ಅಂಟಿಕೊಂಡಿದೆ. ಡ್ರಾಪ್‌ಡೌನಿನಲ್ಲಿ ‘ವಿಜಯನಗರ’ ಇಲ್ಲದ ಒಂದು ಫಾರ್ಮಿನ ಮುಂದೆ ಕೂತ ಕೂಡ್ಲಿಗಿಯ ಹುಡುಗಿಯನ್ನು ನೆನೆಸಿಕೊಳ್ಳಿ. ಹಳೆಯ ಜಿಲ್ಲೆ ಹಾಕಿದರೆ ದಾಖಲೆ ಹೊಂದುವುದಿಲ್ಲ, ಹೊಸದನ್ನು ಹಾಕಲು ಜಾಗವಿಲ್ಲ. ಬೆಂಗಳೂರಿನ ನನ್ನ ಗೆಳೆಯನಿಗೆ ಇದು ಒಂದು ‘ಮೈನರ್ ಬಗ್’.

ಅವರ ಬುಡಕ್ಕೂ ಈಗ ನೀರು ಬಂದಿದೆ ಬಿಡಿ. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ಬೆಂಗಳೂರು ನಗರ ಜಿಲ್ಲೆಯೊಳಗೆ ಬೆಂಗಳೂರು ದಕ್ಷಿಣ ಅಂತ ಒಂದು ತಾಲ್ಲೂಕು ಮೊದಲಿನಿಂದಲೂ ಇದೆ. ಲೋಕಸಭಾ ಕ್ಷೇತ್ರವೂ ಅದೇ ಹೆಸರಲ್ಲಿದೆ. ಇನ್ನು ಮೇಲೆ ‘ಬೆಂಗಳೂರು ದಕ್ಷಿಣ’ ಅಂತ ಒತ್ತಿದವನು ಕನಕಪುರದವನೋ ಜಯನಗರದವನೋ ಅಂತ ಆ್ಯಪ್ ಹೇಗೆ ತಿಳಿಯುತ್ತದೋ ನೋಡೋಣ!

ಹೆಸರು ಬದಲಾವಣೆಯ ಬಗ್ಗೆಯೂ ಒಂದು ಮಾತು. ಹೆಸರು ಬದಲಾಯಿಸಿದ್ದೇ ತಪ್ಪು, ಅದರಿಂದಲೇ ಈ ಗೊಂದಲ ಅನ್ನುವವರ ಪೈಕಿ ನಾನಲ್ಲ. ನಾವು ಕನ್ನಡದಲ್ಲಿ ಯಾವತ್ತೂ ಬಳ್ಳಾರಿ ಅಂತಲೇ ಅಂದದ್ದು, ತೆಲುಗು ಮಾತಾಡುವ ನಮ್ಮ ಅಕ್ಕಪಕ್ಕದವರೂ ಬಳ್ಳಾರಿ ಅಂತಲೇ ಅನ್ನುವುದು. ಇಂಗ್ಲಿಷಿನವರಿಗಾಗಿ ಬರೆದದ್ದು ಬದಲಾಯಿತು, ಅಷ್ಟೇ. ಆದರೆ ತಂತ್ರಾಂಶದ ಲೋಕದಲ್ಲಿ ಎರಡೂ ಹೆಸರು ಪಕ್ಕಪಕ್ಕ ಬದುಕುತ್ತಿವೆ, ಒಂದಕ್ಕೊಂದು ಪರಿಚಯವೇ ಇಲ್ಲದಂತೆ. ರೈಲ್ವೆ ಸ್ಟೇಷನ್ನಿನ ಸಂಕೇತ ಇವತ್ತಿಗೂ ಬಿಎವೈ. ಒಂದು ಬಸ್ ಬುಕಿಂಗ್ ಆ್ಯಪಿನಲ್ಲಿ ಹೊಸ ಕಾಗುಣಿತ ಹೊಡೆದರೆ ನಾಲ್ಕು ಬಸ್ಸು, ಹಳೆಯದು ಹೊಡೆದರೆ ಹನ್ನೊಂದು. ಒಂದು ಹೋಟೆಲ್ ಆ್ಯಪ್ ನಾನು ಬಳ್ಳಾರಿ ಅಂತ ಟೈಪ್ ಮಾಡುತ್ತಿದ್ದಂತೆ ‘ಬಲ್ಲಾರಟ್, ಆಸ್ಟ್ರೇಲಿಯಾ’ ಅಂತ ಉತ್ಸಾಹದಿಂದ ಸೂಚಿಸಿತು. ಹೋಗಬಹುದಿತ್ತು, ಅದೂ ಗಣಿ ಊರೇ ಅಂತೆ, ಚಿನ್ನದ್ದು.

ಇಂಥ ವಿಷಯವನ್ನು ಅಚ್ಚುಕಟ್ಟಾಗಿ ಮಾಡಿದವರು ಇಲ್ಲವೇ ಅಂದರೆ, ಇದ್ದಾರೆ. ನಿಮ್ಮ ಫೋನ್, ಲ್ಯಾಪ್‌ಟಾಪ್, ರೌಟರ್ ಎಲ್ಲದರೊಳಗೂ ಲೋಕದ ಸಮಯವಲಯಗಳ ಒಂದು ಪಟ್ಟಿ ಇದೆ. ಅದರಲ್ಲಿ ಭಾರತದ ಹೆಸರು ‘ಏಷ್ಯಾ/ಕೋಲ್ಕತಾ’. ಆ ನಗರದ ಹೆಸರು 2001ರಲ್ಲಿ ಬದಲಾಯಿತಲ್ಲ, ಅದಕ್ಕೂ ಮುಂಚೆ ಬರೆದ ತಂತ್ರಾಂಶಗಳೆಲ್ಲ ‘ಏಷ್ಯಾ/ಕಲ್ಕತ್ತಾ’ ಅಂತಲೇ ಕೇಳುತ್ತವೆ. ಪಟ್ಟಿ ನೋಡಿಕೊಳ್ಳುವವರು ಹಳೆಯ ಹೆಸರನ್ನು ಅಳಿಸಲಿಲ್ಲ, ಇದು ಅದೇ ಅಂತ ಒಂದು ಕೊಂಡಿ ಹಾಕಿಟ್ಟರು. ಯಾವ ಹೆಸರಲ್ಲಿ ಕೇಳಿದರೂ ಗಡಿಯಾರ ಸರಿ. ಇಷ್ಟೇ ಬೇಕಾದದ್ದು ನಮಗೂ. ಭಾರತ ಸರ್ಕಾರದ ಪಂಚಾಯತ್ ರಾಜ್ ಸಚಿವಾಲಯ ಒಂದು ಸ್ಥಳೀಯ ಸರ್ಕಾರ ಡೈರೆಕ್ಟರಿ ಇಟ್ಟಿದೆ. ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿ, ಹಳ್ಳಿ, ಒಂದೊಂದಕ್ಕೂ ಒಂದು ಸಂಖ್ಯೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡಿಲ್ಲ. ಫಾರ್ಮ್ ಮಾಡುವವರು ಹೆಸರನ್ನು ಉಳಿಸಿಟ್ಟುಕೊಳ್ಳುವ ಬದಲು ಆ ಸಂಖ್ಯೆ ಉಳಿಸಿಟ್ಟುಕೊಂಡು, ಹೆಸರುಗಳನ್ನು (ಹಳೆಯದು, ಹೊಸದು, ಕನ್ನಡದ್ದು) ಅದಕ್ಕೆ ತಗುಲಿಹಾಕಿ, ವರ್ಷಕ್ಕೊಮ್ಮೆ ಪಟ್ಟಿ ಹೊಸದು ಮಾಡಿದರೆ ಮುಗಿಯಿತು. ಅದೂ ಆಗದಿದ್ದರೆ ಡ್ರಾಪ್‌ಡೌನಿನ ಕೊನೆಯಲ್ಲಿ ‘ಇತರೆ’ ಅಂತ ಒಂದು ಸಾಲು, ಪಕ್ಕದಲ್ಲಿ ಬರೆಯಲು ಒಂದು ಖಾಲಿ ಜಾಗ. ಅಕ್ಕನ ಮಗಳಿಗೆ ಅಷ್ಟು ಸಾಕಾಗಿತ್ತು.

ಇಲ್ಲಿ ಕನ್ನಡದ ಆ್ಯಪ್‌ಗಳು ಮೇಲೇನೂ ಅಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪಕ್ಷಪಾತ ಆದೀತು. ‘ಭಾಷೆ: ಕನ್ನಡ’ ಅಂತ ಆರಿಸಿದ ಮೇಲೆ ಜಿಲ್ಲೆಗಳ ಪಟ್ಟಿ ಹೇಗೆ ಬರುತ್ತದೆ ಗಮನಿಸಿದ್ದೀರಾ? ಬಾಗಲಕೋಟೆ, ಬಳ್ಳಾರಿ, ಬೆಳಗಾವಿ ಅಂತ ಶುರುವಾಗಿ ಉಡುಪಿ, ಉತ್ತರ ಕನ್ನಡ, ವಿಜಯನಗರ, ವಿಜಯಪುರ, ಯಾದಗಿರಿ ಅಂತ ಮುಗಿಯುತ್ತದೆ. ಅಕ್ಷರ ಕನ್ನಡದ್ದು, ಸಾಲು ಇಂಗ್ಲಿಷಿನದು. ಅ, ಆ, ಇ, ಈ ಕಲಿತ ನಮ್ಮಮ್ಮ ಉಡುಪಿಯನ್ನು ಮೊದಲಲ್ಲಿ ಹುಡುಕುತ್ತಾಳೆ, ಅದು ಕೊನೆಯಲ್ಲಿ ಅಡಗಿ ಕೂತಿರುತ್ತದೆ. ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ ಯೂನಿಕೋಡ್ ಸಂಖ್ಯೆಯ ಪ್ರಕಾರ ಜೋಡಿಸುತ್ತಾರೆ, ಅದು ಹೆಚ್ಚುಕಮ್ಮಿ ಸರಿ. ಆದರೆ ಯೂನಿಕೋಡಿನಲ್ಲಿ ಳ ಕೂತಿರುವುದು ಲ ಆದ ಕೂಡಲೇ, ವ ಬರುವ ಮೊದಲು. ನಾವು ಶಾಲೆಯಲ್ಲಿ ಕಲಿತದ್ದು ಹ ಆದ ಮೇಲೆ ಳ. ಎರಡೆರಡು ಳ ಇಟ್ಟುಕೊಂಡಿರುವ ಬಳ್ಳಾರಿಯವರಿಗೆ ಇದನ್ನು ಹೇಳಲು ಹಕ್ಕಿದೆ :-)

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅರ್ಜಿ ಹೋಗುತ್ತದೆ. ಹೆಸರಿದ್ದೂ ಆ್ಯಪ್ ನಮ್ಮನ್ನು ಬೇರೆ ಊರಿನಲ್ಲಿ ಕೂರಿಸಿದರೆ? ಇದು ಸಿರುಗುಪ್ಪದ ಚಿಕ್ಕಪ್ಪನ ಮನೆಯ ಕಥೆ.

ಚಿಕ್ಕಪ್ಪನಿಗೆ ಮನೆಗೆ ಫೈಬರ್ ಹಾಕಿಸಬೇಕು ಅಂತ ಆಸೆ. ಮಗಳು ಪುಣೆಯಲ್ಲಿದ್ದಾಳೆ, ವಿಡಿಯೋ ಕಾಲ್ ಕತ್ತರಿಸಿ ಕತ್ತರಿಸಿ ಬರುತ್ತದೆ. ನಾನು ಬಳ್ಳಾರಿಯಲ್ಲಿ ಕೂತು ಒಂದು ಕಂಪನಿಯ ಆ್ಯಪಿನಲ್ಲಿ ಊರಿನ ಹೆಸರು ಹಾಕಿದೆ. ‘ಈ ಊರಿನಲ್ಲಿ ಸೇವೆ ಲಭ್ಯವಿಲ್ಲ’. ಇಂಗ್ಲಿಷಿನಲ್ಲಿ ಸಿರುಗುಪ್ಪವನ್ನು ‘ರು’ ಇಟ್ಟೂ ಬರೆಯುತ್ತಾರೆ, ‘ರ’ ಇಟ್ಟೂ ಬರೆಯುತ್ತಾರೆ. ‘ರ’ ಇಟ್ಟು ನೋಡಿದೆ, ಲಭ್ಯವಿದೆ! ಆದರೆ ಬೀದಿ ಹೆಸರಿನ ಹತ್ತಿರ ಮತ್ತೆ ಸಿಕ್ಕಿಹಾಕಿಕೊಂಡಿತು. ಮುಂದಿನ ವಾರ ಹೋದಾಗ ಅವರ ಬೀದಿಯಲ್ಲೇ ಒಬ್ಬ ಹುಡುಗ ಏಣಿ ಹಾಕಿಕೊಂಡು ಕಂಬಕ್ಕೆ ಕೇಬಲ್ ಕಟ್ಟುತ್ತಿದ್ದ. ಊರಿನ ಕೇಬಲ್ ಟಿವಿಯವನ ಕಡೆಯವನು. “ಸೇವೆ ಐತಾ ಇಲ್ಲಾ ಅಂತ ಆ್ಯಪ್‌ನಾಗ ಯಾಕ್ ನೋಡ್ತೀರಿ ಸಾರ್, ಕಂಬ ನೋಡ್ರಿ” ಅಂದ. ಸಂಜೆಯೊಳಗೆ ಮನೆಗೆ ಲೈನ್ ಬಂತು.

ಮನೆ ಹಳೆಯದು, ಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ. ಪಡಸಾಲೆಯಲ್ಲಿ ರೌಟರ್ ಇಟ್ಟರೆ 5 ಗಿಗಾಹರ್ಟ್ಸ್ ಸಿಗ್ನಲ್ ಅಡುಗೆಮನೆಗೆ ಹೋಗುವಷ್ಟರಲ್ಲಿ ಪ್ರಾಣ ಬಿಡುತ್ತದೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ಗೋಡೆ ದಾಟುತ್ತದೆ, ನಮ್ಮ ಹಳೆಯ ಸರ್ಕಾರಿ ಬಸ್ಸಿನ ಹಾಗೆ. ಎರಡನೆಯ ರೌಟರ್ ಒಂದನ್ನು ನಡುಮನೆಗೆ ತಂತಿ ಎಳೆದು ಹಾಕಿದೆ. ಕರೆಂಟ್ ಹೋದಾಗ ನಿಲ್ಲದಿರಲಿ ಅಂತ ಎರಡಕ್ಕೂ ಪುಟ್ಟ ಬ್ಯಾಟರಿ ಡಬ್ಬಿ. ಬೇಸಿಗೆಯಲ್ಲಿ ಈ ಡಬ್ಬಿಗಳನ್ನು ಕಿಟಕಿಯ ಬಿಸಿಲಿಗೆ ಇಡಬೇಡಿ, ಒಂದು ಉಬ್ಬಿಕೊಂಡದ್ದನ್ನು ನಾನೇ ನೋಡಿದ್ದೇನೆ. ಟಿವಿಗೂ ವೈಫೈ ಜೋಡಿಸಿಕೊಟ್ಟು, ಚಿಕ್ಕಮ್ಮನ ಕೈಯ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಜಯಶಾಲಿಯಾಗಿ ಬಳ್ಳಾರಿಗೆ ವಾಪಸ್ ಬಂದೆ.

ಮೂರನೆಯ ದಿನ ಚಿಕ್ಕಪ್ಪನ ಫೋನು, ಸಿಟ್ಟಿನಲ್ಲಿ. ಭತ್ತದ ಕೊಯ್ಲಿನ ಕಾಲ. ಸಿರುಗುಪ್ಪದ ಕಡೆ ಆ ಸಮಯಕ್ಕೆ ಬಂದವರಿಗೆ ಗೊತ್ತು, ಕಣ ಸಾಲದೆ ರಸ್ತೆ ಪಕ್ಕದಲ್ಲೆಲ್ಲ ಸೋನಾಮಸೂರಿ ಹರವಿರುತ್ತಾರೆ. ಹೊಸ ಟಿವಿ ಹಚ್ಚಿದರೆ ಮೊದಲ ಪರದೆಯಲ್ಲೇ ಮೂಲೆಯಲ್ಲಿ ಹವಾಮಾನ ಬರುತ್ತದೆ. ಅದರಲ್ಲಿ ಗುಡುಗು ಮಳೆ, ಮೋಡದ ಚಿತ್ರ ಸಮೇತ. ಚಿಕ್ಕಪ್ಪ ನಾಲ್ಕು ಆಳು ಕರೆದು, ಒಣಗುತ್ತಿದ್ದ ಭತ್ತ ಎಲ್ಲಾ ಒಟ್ಟುಗೂಡಿಸಿ ತಾಡಪಾಲು ಹೊದಿಸಿ ಕಾದರು. ಮೂರು ದಿನ ಒಂದು ಹನಿ ಇಲ್ಲ, ಸುಡು ಬಿಸಿಲು. ಪಕ್ಕದವರ ಭತ್ತ ಒಣಗಿ ಚೀಲಕ್ಕೆ ಹೋಗಿತ್ತು. “ನಿನ್ನ ವೈಫೈ ಸುಳ್ಳು ಹೇಳ್ತೈತಪ್ಪ” ಅಂದರು.

ಹೋಗಿ ನೋಡಿದರೆ ಆ ಹವಾಮಾನದ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ‘ಹೈದರಾಬಾದ್’ ಅಂತ ಇತ್ತು. ಚಿಕ್ಕಪ್ಪನಿಗೆ ಅದು ಕಂಡಿಲ್ಲ, ಕಂಡರೂ ಓದಲು ಬರುವುದಿಲ್ಲ.

ಆಗಿದ್ದಿಷ್ಟು. ಫೋನಿನಲ್ಲಿ ಜಿಪಿಎಸ್ ಇರುತ್ತದೆ, ಹಾಗಾಗಿ ನಾವೆಲ್ಲಿದ್ದೇವೆಂದು ಅದಕ್ಕೆ ಗೊತ್ತು. ಟಿವಿಯಲ್ಲಿ ಅದಿಲ್ಲ. ಅದು ಮನೆಯ ಇಂಟರ್ನೆಟ್ ಹೊರಗೆ ಕಾಣಿಸುವ ಐಪಿ ವಿಳಾಸ ನೋಡಿ ಊರನ್ನು ಊಹಿಸುತ್ತದೆ. ನಮ್ಮ ಕಡೆಯ ಬಹಳಷ್ಟು ಮನೆಗಳಿಗೆ ಸ್ವಂತ ಐಪಿ ವಿಳಾಸವೇ ಇರುವುದಿಲ್ಲ. ವಿಳಾಸಗಳ ಕೊರತೆ ಇರುವುದರಿಂದ ಕಂಪನಿಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸುತ್ತವೆ. (ನಿಮ್ಮ ರೌಟರಿನ ಪುಟ ತೆರೆದು ಹೊರಗಿನ ವಿಳಾಸ ನೋಡಿ. 100.64ರಿಂದ 100.127ರೊಳಗೆ ಶುರುವಾಗಿದ್ದರೆ ನೀವೂ ಆ ಸಾಲಿನಲ್ಲಿದ್ದೀರಿ.) ಆ ಒಂದು ವಿಳಾಸ ಹೊರಜಗತ್ತಿಗೆ ಹೊರಡುವ ಬಾಗಿಲು ದೂರದ ಯಾವುದೋ ದೊಡ್ಡ ನಗರದಲ್ಲಿರುತ್ತದೆ. ಸಿರುಗುಪ್ಪದಲ್ಲಿ ಕೂತವನು ಹೈದರಾಬಾದಿನವನಾಗುತ್ತಾನೆ, ಬಳ್ಳಾರಿಯ ನಮ್ಮ ಮನೆ ವೈಫೈಯಲ್ಲಿ ನಾನು ಕೆಲವು ದಿನ ಚೆನ್ನೈಯವನಾಗಿರುತ್ತೇನೆ. ಜಾಹೀರಾತು ತೆಲುಗಿನಲ್ಲೋ ತಮಿಳಿನಲ್ಲೋ ಬಂದರೆ ನಗಬಹುದು. ಮಳೆಯ ಸುದ್ದಿ ಹಾಗೆ ಬಂದರೆ?

ಟಿವಿಯ ಸೆಟ್ಟಿಂಗಿನಲ್ಲಿ ಊರು ಬದಲಾಯಿಸುವ ಅವಕಾಶ ಇತ್ತು. ಹುಡುಕಿದೆ. ಸಿರುಗುಪ್ಪ ಇಲ್ಲ, ‘ರ’ ಇಟ್ಟರೂ ಇಲ್ಲ. ಕೊನೆಗೆ ಹಳೆಯ ಕಾಗುಣಿತದ ‘ಬೆಲ್ಲರಿ’ ಸಿಕ್ಕಿತು, ಅದನ್ನೇ ಇಟ್ಟು ಬಂದೆ. ಸುಮಾರು 55 ಕಿಲೋಮೀಟರ್ ಆಚೆಯ ಹವಾಮಾನ, ಹೈದರಾಬಾದಿಗಿಂತ ವಾಸಿ. ಚಿಕ್ಕಪ್ಪ ಈಗ ಟಿವಿಯ ಮೋಡ ನೋಡುವುದನ್ನೇ ಬಿಟ್ಟು ಮೊದಲಿನಂತೆ ಆಕಾಶ ನೋಡುತ್ತಾರೆ.

ಇದನ್ನೆಲ್ಲ ಕನ್ನಡದ ವಿರುದ್ಧ ಯಾರೋ ಕೂತು ಮಾಡಿದ ಸಂಚು ಅನ್ನುವ ಗೆಳೆಯರೂ ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಂಚು ಮಾಡಬೇಕಾದರೂ ನಮ್ಮೂರು ಇದೆ ಅಂತ ಅವರಿಗೆ ಗೊತ್ತಿರಬೇಕಲ್ಲ! ಇದು ಸೋಮಾರಿತನ, ಒಮ್ಮೆ ಅಂಟಿಸಿದ ಪಟ್ಟಿಯನ್ನು ಮತ್ತೆ ತಿರುಗಿ ನೋಡದಿರುವುದು. ಮತ್ತು ಇಂಥದ್ದನ್ನು ಬರೆಯುವ ಎಷ್ಟೋ ಜನ ನಮ್ಮವರೇ. ಬಳ್ಳಾರಿಯ ಇಂಜಿನಿಯರಿಂಗ್ ಕಾಲೇಜುಗಳಿಂದ ಹೋದವರೇ ಬೆಂಗಳೂರಿನಲ್ಲಿ ಕೂತು ಈ ಫಾರ್ಮ್‌ಗಳನ್ನು ಪರೀಕ್ಷೆ ಮಾಡುತ್ತಾರೆ. ಪರೀಕ್ಷೆಗೆ ಹಾಕುವ ವಿಳಾಸ ಮಾತ್ರ ಕೋರಮಂಗಲದ್ದು. ಒಮ್ಮೆ ನಿಮ್ಮ ಅಜ್ಜಿಯ ಊರು ಹಾಕಿ ನೋಡಿ ಮಾರಾಯರೇ, ಎರಡು ನಿಮಿಷದಲ್ಲಿ ಬಗ್ ಸಿಗುತ್ತದೆ.

ಹೊಸ ಜನಗಣತಿ 2027ರ ಮಾರ್ಚ್ 1ನ್ನು ಲೆಕ್ಕದ ದಿನವಾಗಿ ಇಟ್ಟುಕೊಂಡು ನಡೆಯುತ್ತದೆ. ಅದರ ಪಟ್ಟಿಯಲ್ಲಿ ಕುರುಗೋಡು, ಕಂಪ್ಲಿ, ವಿಜಯನಗರ ಎಲ್ಲಾ ತಮ್ಮ ತಮ್ಮ ಜಾಗದಲ್ಲಿ ಇರುತ್ತವೆ. ಆಮೇಲೆ ಅದನ್ನು ಯಾರೋ ಇಳಿಸಿಕೊಂಡು ಹದಿನೈದು ವರ್ಷಕ್ಕೆ ಅಂಟಿಸುತ್ತಾರೆ, ನಾವು ಆ ಹದಿನೈದು ವರ್ಷ ನೆಮ್ಮದಿಯಾಗಿರಬಹುದು, ಇನ್ನೊಂದು ಜಿಲ್ಲೆ ಆಗುವವರೆಗೆ...

ಅಲ್ಲಿಯವರೆಗೆ ನಮ್ಮ ಕೈಲಾದದ್ದನ್ನು ಮಾಡೋಣ ಅಂತ ನಾನು ರಾತ್ರಿ ಹೊತ್ತು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಕೂರುತ್ತೇನೆ. ಅದು ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಒಂದೊಂದು ಊರಿಗೂ ಕನ್ನಡದ ಹೆಸರು ಬರೆಯಲು ಬೇರೆ ಜಾಗ, ಹಳೆಯ ಹೆಸರಿಗೆ ಬೇರೆ ಜಾಗ, ಇನ್ನೊಂದು ಕಾಗುಣಿತಕ್ಕೆ ಬೇರೆ ಜಾಗ. ಟ್ರಸ್ಟಿನವರು ಕೊಡದ ಖಾಲಿ ಜಾಗ ಇಲ್ಲಿ ಮೂರು ಇದೆ. ಕುರುಗೋಡು ಮತ್ತು ಸಿರುಗುಪ್ಪದ ಸುತ್ತಲಿನ ಹಳ್ಳಿಗಳ ಕನ್ನಡ ಹೆಸರು ಒಂದೊಂದೇ ತುಂಬುತ್ತಿದ್ದೇನೆ. ಕೆಲವು ಹಳ್ಳಿಗಳ ಹೆಸರಿಗೆ ದೀರ್ಘವೋ ಹ್ರಸ್ವವೋ ಅಂತ ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳುತ್ತೇನೆ. ಅವರು ಹೆಸರಿನ ಜೊತೆ ಆ ಊರಿನ ಯಾರ ಗದ್ದೆ ಯಾರಿಗೆ ಮಾರಿತು ಅನ್ನುವುದನ್ನೂ ಹೇಳುತ್ತಾರೆ, ಅದಕ್ಕೆ ಮಾತ್ರ ನಕ್ಷೆಯಲ್ಲಿ ಜಾಗವಿಲ್ಲ.

ಕಳೆದ ಸಲ ಸಿರುಗುಪ್ಪಕ್ಕೆ ಹೋದಾಗ ಇನ್ನೊಂದು ಕೆಲಸ ಮಾಡಿದೆ. ರೌಟರಿನ ಹೆಸರು ಕಂಪನಿಯವರು ಇಟ್ಟಂತೆ ಏನೋ ಇಂಗ್ಲಿಷ್ ಅಕ್ಷರ, ನಾಲ್ಕು ಅಂಕಿ ಇತ್ತು. ಅದನ್ನು ಕನ್ನಡದಲ್ಲಿ ‘ಸಿರುಗುಪ್ಪ ಮನೆ’ ಅಂತ ಮಾಡಲು ಹೋದೆ, ಒಪ್ಪಲಿಲ್ಲ. ವೈಫೈ ಹೆಸರಿಗೆ ಇರುವುದು 32 ಬೈಟ್ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ನಮ್ಮ ಒಂದೊಂದು ಅಕ್ಷರಕ್ಕೆ, ಕೊಂಬು, ಗುಡಿಸು, ಒತ್ತಿನ ಗುರುತಿಗೂ ಸೇರಿ, ಮೂರು ಮೂರು. ಲೆಕ್ಕ ಹಾಕಿದರೆ ‘ಸಿರುಗುಪ್ಪ ಮನೆ’ಗೆ 37 ಆಗುತ್ತದೆ. ‘ಮನೆ’ ತೆಗೆದೆ, 27. ಹಿಡಿಯಿತು! ಚಿಕ್ಕಮ್ಮನ ಹಳೆಯ ಫೋನಿನಲ್ಲಿ ಅದು ಬರೀ ಚೌಕಡಿ ಚೌಕಡಿಯಾಗಿ ಕಾಣುತ್ತದೆ, “ಡಬ್ಬಿ ಡಬ್ಬಿ ಬಂದ್ರೆ ನಮ್ಮನೀದು” ಅಂತ ಅವರು ಗುರುತಿಟ್ಟುಕೊಂಡಿದ್ದಾರೆ. ಉಳಿದ ಎಲ್ಲರ ಫೋನಿನಲ್ಲಿ, ಆ ಬೀದಿಯಲ್ಲಿ ಯಾರು ವೈಫೈ ಪಟ್ಟಿ ತೆರೆದರೂ, ಊರಿನ ಹೆಸರು ದುಂಡಗೆ ಕಾಣುತ್ತದೆ.

ಕುರುಗೋಡಿಗೆ 24 ಬೈಟ್ ಸಾಕು. ಮುಂದಿನ ಭಾನುವಾರ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ವಿದ್ಯಾರ್ಥಿವೇತನದ ಪುಟ ಇವತ್ತು ಬೆಳಿಗ್ಗೆಯೂ ‘ಪರಿಶೀಲನೆಯಲ್ಲಿದೆ’ ಅಂತಲೇ ಇತ್ತಂತೆ.

ನಿಮ್ಮೂರು ಯಾವ ಯಾವ ಪಟ್ಟಿಯಲ್ಲಿ ಯಾವ ಯಾವ ವೇಷದಲ್ಲಿದೆ? ಅಥವಾ ಇಲ್ಲವೇ ಇಲ್ಲವೋ? ಕೆಳಗೆ ಬರೆಯಿರಿ, ಕನ್ನಡದ ಹೆಸರಿನ ಸಮೇತ. ರಾತ್ರಿ ನಕ್ಷೆಯಲ್ಲಿ ಸೇರಿಸುತ್ತೇನೆ.